ನೀಲಿ ತಂತಿ ಕತ್ತರಿಸಿದ ಭಾನುವಾರ

ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟ ಡೋರೀನ್ ಎಲ್ಲಿದ್ದಾಳೆಂಬುದು ಅಕ್ಕ ಆಲ್ವಿನಾಳಿಗೆ ಮಾತ್ರ ಗೊತ್ತಿತ್ತು. ಕೆನಡಾದ ಪ್ರಿನ್ಸ್ ಆಲ್ಬರ್ಟ್ ಊರಿನ ಹಿಮದ ರಸ್ತೆಗಳಲ್ಲಿ ಶಾಲೆಯ ಬಸ್ಸು ಓಡಿಸಿಯೇ ಮುದುಕಿಯಾದ ಆಲ್ವಿನಾ ಸುಲಭಕ್ಕೆ ಬೆದರುವ ಹೆಂಗಸಲ್ಲ. ತಂಗಿಯ ಗಂಡ ಗಾರ್ಥ್ ಬಂದು ಮೊದಲು ಅತ್ತು, ಆಮೇಲೆ ಬಾಗಿಲು ಒದ್ದು ಕೇಳಿದಾಗಲೂ ಅವಳು ಬಾಯಿ ಬಿಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕತಂಗಿಯರು ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತಿದ್ದರು. ಡೋರೀನ್ ಪಕ್ಕದ ಪ್ರಾಂತ್ಯವಾದ ಮ್ಯಾನಿಟೋಬಾದ ಪುಟ್ಟ ಊರೊಂದರ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸ ಹಿಡಿದಿದ್ದಳು. ಆ ದಿನ ಅವಳು ಖುಷಿಯಾಗಿದ್ದಳು. ಊರಿನ ಹೆಂಗಸರು ಅವಳನ್ನು ಕಲ್ಲು ಜಾರಿಸಿ ಆಡುವ ತಮ್ಮ ಕರ್ಲಿಂಗ್ ಆಟದ ತಂಡಕ್ಕೆ ಸೇರಿಸಿಕೊಂಡಿದ್ದರು. ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಕುಂಡಿ ಕಪ್ಪಾದದ್ದನ್ನು ಹೇಳಿ ಅಕ್ಕನನ್ನು ಕಣ್ಣಲ್ಲಿ ನೀರು ಬರುವಷ್ಟು ನಗಿಸಿದಳು. ತಂಡದವರ ಜೊತೆ ಆಟದ ಕಟ್ಟಡದ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಕಳಿಸಿ ಮಾತು ಮುಗಿಸಿದಳು.

ಒಲೆಯ ಮೇಲೆ ಪೆರೋಗಿ ಕಡುಬು ಬೇಯಿಸಲು ಇಟ್ಟ ನೀರು ಕುದಿಯುತ್ತಿತ್ತು. ಆಲ್ವಿನಾ ಏಳುವಾಗ ನೋಡಿದರೆ ಕ್ಯಾಮೆರಾದ ಹಸಿರು ದೀಪ ಇನ್ನೂ ಆರಿರಲಿಲ್ಲ. ಸರಿಯಾಗಿ ಮುಚ್ಚಿಲ್ಲವೇನೋ ಎಂದು ಮೌಸಿಗೆ ಕೈ ಚಾಚಿದಳು. ಕೈ ಮುಟ್ಟುವ ಮೊದಲೇ ಪರದೆಯ ಮೇಲಿನ ಬಾಣ ತಾನಾಗಿ ಹರಿದುಹೋಗಿ ಫೋಟೊ ತೆರೆಯಿತು. ಚಿತ್ರ ದೊಡ್ಡದಾಯಿತು. ಬಾಣ ಡೋರೀನಳ ಮುಖದ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿ, ಮೇಲಕ್ಕೆ ಜಾರಿ, ಕಟ್ಟಡದ ಹಣೆಯ ಮೇಲಿದ್ದ ಊರಿನ ಹೆಸರಿನ ಹತ್ತಿರ ನಿಂತಿತು.

ಆಗ ಆಲ್ವಿನಾಳಿಗೆ ಹೊಳೆಯಿತು. ಈ ಕಂಪ್ಯೂಟರನ್ನು ಒಂದು ಕ್ರಿಸ್‌ಮಸ್ ದಿನ ಇದೇ ಮೇಜಿನ ಕೆಳಗೆ ಕೂತು ಜೋಡಿಸಿಕೊಟ್ಟವನು ಗಾರ್ಥ್. ಏನಾದರೂ ಕೆಟ್ಟರೆ ತನ್ನ ಮನೆಯಿಂದಲೇ ಇದರೊಳಗೆ ಹೊಕ್ಕು ರಿಪೇರಿ ಮಾಡುತ್ತೇನೆ ಎಂದಿದ್ದ. ಎಂಥ ಒಳ್ಳೆಯ ಹುಡುಗ ಎಂದು ಅವಳೇ ಎರಡನೇ ತುಂಡು ಪೈ ಬಡಿಸಿದ್ದಳು.

ಮೌಸು ಹಿಡಿದು ಎಳೆದಳು; ಬಾಣ ಅವಳ ಕೈಗೆ ಬಗ್ಗಲಿಲ್ಲ. ಮಂಡಿಯೂರಿ ಮೇಜಿನಡಿ ತೂರಿದಳು. ಇಂಟರ್ನೆಟ್ಟಿನ ನೀಲಿ ತಂತಿ ಸಿಕ್ಕಿತು, ಆದರೆ ಅದರ ಕೊಂಡಿ ಒತ್ತಿ ಬಿಡಿಸಲು ಸಂಧಿವಾತದ ಬೆರಳುಗಳಿಗೆ ಆಗಲಿಲ್ಲ. ಎದ್ದು ಅಡುಗೆಮನೆಗೆ ಓಡಿ, ಕೋಳಿ ಕತ್ತರಿಸುವ ಕತ್ತರಿ ತಂದು ತಂತಿಯನ್ನು ತುಂಡರಿಸಿದಳು. ಬಾಣ ಇದ್ದಲ್ಲೇ ಕಲ್ಲಾಯಿತು.

ತಂಗಿಗೆ ಫೋನು ಮಾಡಿ ಎಲ್ಲ ಹೇಳಿದಳು. "ಕಂಡ ತಕ್ಷಣ ಕತ್ತರಿಸಿಬಿಟ್ಟೆ ಕಣೇ."

"ಊರಿನ ಹೆಸರು ಓದಿದ್ನಾ?"

ಆಲ್ವಿನಾ ಸುಳ್ಳು ಹೇಳಲಿಲ್ಲ. "ಓದಿದ."

ಪೊಲೀಸ್ ಠಾಣೆಯಲ್ಲಿ ಫೋನೆತ್ತಿದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಅದು ಗಾರ್ಥನೇ ಎಂದು ಹೇಗೆ ಹೇಳುತ್ತೀರಿ, ಬೆದರಿಕೆ ಹಾಕಿದನೇ ಎಂದೆಲ್ಲ ಕೇಳಿ, ವಿಚಾರಿಸುತ್ತೇವೆ ಎಂದಳು. ಆಲ್ವಿನಾ ಕಾರು ತೆಗೆದು ಗಾರ್ಥನ ಮನೆಯ ಮುಂದೆ ಹಾದುಹೋದಳು. ಅಂಗಳದಲ್ಲಿ ಟ್ರಕ್ಕು ಇರಲಿಲ್ಲ. ಹಿಮದ ಮೇಲೆ ಚಕ್ರದ ಗುರುತು ಹೊಸದಾಗಿತ್ತು.

ಮತ್ತೆ ಫೋನು ಮಾಡಿದಾಗ ಡೋರೀನ್ ಚೀಲಕ್ಕೆ ಬಟ್ಟೆ ತುರುಕುತ್ತಿದ್ದಳು.

"ಎಲ್ಲಿಗೆ ಹೋಗ್ತೀಯ?"

"ಹೇಳಲ್ಲ ಆಲ್ವಿನಾ."

"ನಾನು ಯಾರ ಹತ್ರಾನೂ ಬಾಯಿ ಬಿಡೋಳಲ್ಲ."

"ಗೊತ್ತು. ನೀನು ಬಿಡ್ಲಿಲ್ಲ. ಆದ್ರೂ ಅವನಿಗೆ ಸಿಕ್ತಲ್ಲ. ಈ ಫೋನೂ ಇಲ್ಲೇ ಎಸೆದು ಹೋಗ್ತೀನಿ." ಫೋನಿಡುವ ಮೊದಲು, "ಊಟ ಮಾಡು ನೀನು," ಎಂದಳು.

ಆಮೇಲೆ ಆ ನಂಬರಿಗೆ ಕರೆ ಹೋಗಲೇ ಇಲ್ಲ.

ಅದೇ ವಾರ ಗಾರ್ಥ್ ಊರಿಗೆ ಮರಳಿದ. ಪೊಲೀಸರು ಕೇಳಿದಾಗ ಮೀನು ಹಿಡಿಯಲು ಹೋಗಿದ್ದೆ ಎಂದನಂತೆ. ಕಂಪ್ಯೂಟರ್ ರಿಪೇರಿಯವನು ಎಲ್ಲ ಅಳಿಸಿ, ಇನ್ನು ಹೆದರಬೇಡಿ, ಹೊಸ ತಂತಿ ಹಾಕಿಕೊಳ್ಳಿ ಎಂದ. ಯಾರ ಮುಖ ನೋಡಲು ಹಾಕಬೇಕಿತ್ತು?

ಈಗ ಆಲ್ವಿನಾ ದಿನಾ ಬೆಳಿಗ್ಗೆ ಕಾರು ತೆಗೆದು ಗಾರ್ಥನ ಬೀದಿಗೆ ಹೋಗುತ್ತಾಳೆ. ಟ್ರಕ್ಕು ಅಂಗಳದಲ್ಲಿದ್ದರೆ ಅವನಿಗೆ ತಂಗಿಯ ಸುಳಿವು ಇನ್ನೂ ಸಿಕ್ಕಿಲ್ಲ ಎಂದುಕೊಂಡು ಮನೆಗೆ ಬಂದು ಏನಾದರೂ ತಿನ್ನುತ್ತಾಳೆ. ಇಲ್ಲದ ದಿನ ಅಲ್ಲೇ ಬೀದಿಯ ಪಕ್ಕಕ್ಕೆ ಕಾರು ನಿಲ್ಲಿಸಿ, ಅದು ಬರುವವರೆಗೂ ಕಾಯುತ್ತಾಳೆ.