ಈರುಳ್ಳಿಗೆ ಅಳದ ಕಣ್ಣು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೆಳಿಗ್ಗೆ ಎಂಟರೊಳಗೆ ಒಂದು ಮೂಟೆ ಈರುಳ್ಳಿ ಹೆಚ್ಚಿ ಮುಗಿಯಬೇಕು. ಯಾರಿಗೂ ಬೇಡವಾದ ಕೆಲಸ. ಕೂತವರು ಅರ್ಧ ಬುಟ್ಟಿ ಮುಗಿಸುವಷ್ಟರಲ್ಲಿ ಮೂಗು ಒರೆಸಿಕೊಳ್ಳುತ್ತ ನಲ್ಲಿಯ ಕಡೆ ಓಡುತ್ತಿದ್ದರು. ಓಡದವಳು ಒಬ್ಬಳೇ. ಅವಳನ್ನು ಎಲ್ಲರೂ ಈರುಳ್ಳಿ ಅಕ್ಕ ಎಂದೇ ಕರೆಯುತ್ತಿದ್ದರು.

ಮೊದಲು ಅವಳಿಗೂ ಕಣ್ಣೀರು ಬರುತ್ತಿತ್ತು. ಹೋದ ವರ್ಷ ಕಣ್ಣಲ್ಲಿ ಮರಳು ಬಿದ್ದ ಹಾಗೆ ಕಿರಿಕಿರಿ ಶುರುವಾಯಿತು. ಬೆಳಿಗ್ಗೆ ಎದ್ದರೆ ಬೆರಳಿನ ಗೆಣ್ಣುಗಳು ಬಿಗಿದಿರುತ್ತಿದ್ದವು. ಬಿಸಿಲಿಗೆ ಹೋದರೆ ಎರಡೂ ಕೆನ್ನೆ, ಮೂಗಿನ ಮೇಲೆ ಕೆಂಪು. ಆಮೇಲೊಂದು ದಿನ ಕಣ್ಣಿನ ಉರಿ ತಾನಾಗಿ ನಿಂತಿತು. ಕಣ್ಣೀರೂ ನಿಂತಿತು.

“ವಾಸಿಯಾಯ್ತು ನೋಡಿ ಅತ್ತೆ,” ಎಂದಳು ಮನೆಗೆ ಬಂದು.

“ನಾನು ಹೇಳ್ಲಿಲ್ವಾ, ಕಣ್ಣ ಮೇಲೆ ಸೌತೆಕಾಯಿ ಇಟ್ಕೋ ಅಂತ,” ಎಂದರು ಅತ್ತೆ.

ಕ್ಯಾಂಟೀನಿನ ಹಿರಿಯ ಅಡುಗೆಯವರಿಗಂತೂ ಅವಳ ಬಗ್ಗೆ ಬಹಳ ಹೆಮ್ಮೆ. “ನಮಗೆ ಈರುಳ್ಳಿ ಹೆಚ್ಚೋ ಮೆಷಿನ್ ಯಾಕ್ರೀ, ಅಕ್ಕ ಇದಾರಲ್ಲ,” ಎನ್ನುತ್ತಿದ್ದರು. ಮೂಟೆಯೆಲ್ಲ ಅವಳ ಹಲಗೆಯ ಮುಂದೆಯೇ ಬಂದು ಬೀಳುತ್ತಿತ್ತು.

ತಿಂಗಳಿಗೊಮ್ಮೆ ಕಾರ್ಖಾನೆಯ ನರ್ಸ್ ಅಡುಗೆಮನೆಯವರ ಉಗುರು ನೋಡಲು ಬರುತ್ತಿದ್ದರು. ಒಂದು ಸಲ ಅವರು ಉಗುರು ಬಿಟ್ಟು ಮುಖ ನೋಡಿದರು.

“ಅಕ್ಕ, ಕಣ್ಣಲ್ಲಿ ಸಿಪ್ಪೆ.”

“ಯಾರ ಕಣ್ಣಲ್ಲಿ ಸಿಸ್ಟರ್?”

“ನಿಮ್ಮ ಕಣ್ಣಲ್ಲೇ.”

ಬಲಗಣ್ಣಿನ ಕಪ್ಪುಗುಡ್ಡೆಯ ಅಂಚಿಗೆ ಈರುಳ್ಳಿ ಸಿಪ್ಪೆಯ ಚೂರು ಅಂಟಿತ್ತು. ಅವಳು ರೆಪ್ಪೆ ಕೂಡ ಬಡಿಯದೆ ಹೆಚ್ಚುತ್ತಲೇ ಇದ್ದಳು.

ಸಿಸ್ಟರ್ ಅದನ್ನು ತೊಳೆದು ತೆಗೆದರು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕೆನ್ನೆ ಮುಟ್ಟಿದರು. “ಮುಟ್ಟಿದಾಗೆಲ್ಲ ಹ್ಞೂಂ ಅನ್ನಿ.”

ಎಡಗೆನ್ನೆಗೆ ಹ್ಞೂಂ, ಹ್ಞೂಂ ಎಂದಳು. ಆಮೇಲೆ ಸುಮ್ಮನೆ ಕೂತಳು. “ಯಾಕೆ ನಿಲ್ಲಿಸಿದ್ರಿ?”

ಸಿಸ್ಟರ್ ನಿಲ್ಲಿಸಿರಲಿಲ್ಲ. ಬಲಗೆನ್ನೆಯನ್ನು ಮುಟ್ಟುತ್ತಲೇ ಇದ್ದರು.

“ಈಗಲೇ ಕಣ್ಣಾಸ್ಪತ್ರೆಗೆ ಹೊರಡಿ ಅಕ್ಕ.”

“ನೋವೇ ಇಲ್ವಲ್ಲ ಸಿಸ್ಟರ್. ಸುಮ್ನೆ ಕೆಲಸ ಹೋಗತ್ತೆ.”

“ನಾಯಿ ಬೊಗಳ್ಲಿಲ್ಲ ಅಂದ ಮಾತ್ರಕ್ಕೆ ಕಳ್ಳ ಬಂದಿಲ್ಲ ಅಂತಾನಾ? ನಾಯಿಗೇ ಏನೋ ಆಗಿರಬಹುದಲ್ಲ.”

ಹಿರಿಯ ಅಡುಗೆಯವರು ಅವಳ ಕೈಯಿಂದ ಚಾಕು ತೆಗೆದುಕೊಂಡರು. “ಕಣ್ಣು ಉಳಿಸ್ಕೊಂಡು ಬಾಮ್ಮ. ನಿನ್ನ ಹಲಗೆ ಎಲ್ಲೂ ಓಡಿಹೋಗಲ್ಲ.”

ಆಸ್ಪತ್ರೆಗೆ ಅತ್ತೆಯೂ ಜೊತೆಗೆ ಬಂದರು, ಗೊಣಗುತ್ತಲೇ. “ಗೆಣ್ಣು ನೋವಂತೆ, ಕೆನ್ನೆ ಮರಗಟ್ಟಿದೆಯಂತೆ. ಕಣ್ಣಿನ ಡಾಕ್ಟ್ರಿಗೆ ಅದೆಲ್ಲ ಯಾಕೆ?”

ಕಣ್ಣಿನ ಡಾಕ್ಟರಿಗೆ ಅದೆಲ್ಲವೂ ಬೇಕಿತ್ತು. ಅವರು ಹತ್ತಿಯ ಎಳೆಯನ್ನು ಕಣ್ಣಿಗೇ ತಾಗಿಸಿದರು. ಎಡಗಣ್ಣು ತಡವಾಗಿ ಅರ್ಧ ಮುಚ್ಚಿಕೊಂಡಿತು, ಬಲಗಣ್ಣು ತೆರೆದೇ ಇತ್ತು. ಹಳದಿ ಔಷಧದ ಹನಿ ಹಾಕಿ ನೀಲಿ ದೀಪ ಹಿಡಿದಾಗ, ಬಲಗಣ್ಣಿನ ಕಪ್ಪುಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಗಾಯ ಹಸಿರಾಗಿ ಹೊಳೆಯಿತು. ಪಕ್ಕದ ಪರದೆಯಲ್ಲಿ ಅತ್ತೆಯೂ ನೋಡಿದರು.

“ಇಂಥ ಗಾಯ ಆದ್ರೆ ಬೇರೆಯವರು ರಾತ್ರಿಯೆಲ್ಲ ಒದ್ದಾಡ್ತಾರೆ,” ಎಂದರು ಡಾಕ್ಟರ್. “ಇವರಿಗೆ ಗೊತ್ತೇ ಆಗಿಲ್ಲ. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಈ ಕಣ್ಣಿನ ದೃಷ್ಟಿಯೇ ಹೋಗ್ತಿತ್ತೇನೋ.”

ಅತ್ತೆ ಗೊಣಗುವುದನ್ನು ಬಿಟ್ಟು ಸೊಸೆಯ ಕೈ ಹಿಡಿದುಕೊಂಡರು.

ಕಣ್ಣಿನ ಡಾಕ್ಟರ್ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ರಕ್ತ, ಮೂತ್ರದ ಪರೀಕ್ಷೆಯಾಯಿತು. ಅಲ್ಲಿಯ ಡಾಕ್ಟರ್ ಕಾಯಿಲೆಯ ಹೆಸರು ಹೇಳಿದರು: ಲೂಪಸ್. ನಮ್ಮನ್ನು ರೋಗದಿಂದ ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ನಮ್ಮ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಕೀಲಿಗೆ, ಚರ್ಮಕ್ಕೆ, ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದು. ಕಣ್ಣೀರನ್ನು ಒಣಗಿಸಬಹುದು. ಕೆಲವರಲ್ಲಿ ಮುಖದ ಸ್ಪರ್ಶ ತಿಳಿಸುವ ನರವನ್ನೂ ಹಿಡಿಯುತ್ತದೆ. ಆಗ ಕೆನ್ನೆಯೂ ಕಣ್ಣಿನ ಮೇಲ್ಮೈಯೂ ಮರಗಟ್ಟುತ್ತವೆ.

“ಅಂಟು ರೋಗಾನಾ?” ಅತ್ತೆ ಮೆಲ್ಲಗೆ ಕೇಳಿದರು.

“ಅಲ್ಲಮ್ಮ. ಸೊಸೆ ಲೋಟದಲ್ಲೇ ಟೀ ಕುಡೀರಿ.”

“ಅದು ಮಾತ್ರ ಆಗಲ್ಲ. ಅವಳು ಸಕ್ಕರೆ ಜಾಸ್ತಿ ಹಾಕ್ತಾಳೆ.”

ಮಾತ್ರೆ ಶುರುವಾಯಿತು. ಕಣ್ಣಿಗೆ ಎರಡು ಗಂಟೆಗೊಮ್ಮೆ ಹನಿ, ಮಲಗುವಾಗ ಮುಲಾಮು. ಗಾಯ ಮಾಯುವವರೆಗೆ ಈರುಳ್ಳಿ ಮುಟ್ಟುವಂತಿಲ್ಲ. ಅವಳು ಕ್ಯಾಂಟೀನಿನಲ್ಲಿ ಅಕ್ಕಿ ಆರಿಸುತ್ತ ಕೂತಳು. ಎರಡು ಗಂಟೆಗೊಮ್ಮೆ ಅತ್ತೆಯ ಫೋನು ಬರುತ್ತಿತ್ತು. “ಹನಿ ಹಾಕ್ಕೊಂಡ್ಯಾ?” ಹಿರಿಯ ಅಡುಗೆಯವರು ಆ ಫೋನನ್ನೇ ಗಡಿಯಾರ ಮಾಡಿಕೊಂಡು ಒಲೆಯಿಂದ ಪಾತ್ರೆ ಇಳಿಸತೊಡಗಿದರು.

ಗಾಯ ಮಾಯಿತು, ದೃಷ್ಟಿ ಉಳಿಯಿತು. ಐದು ತಿಂಗಳಾದ ಮೇಲೆ ಡಾಕ್ಟರ್ ಒಪ್ಪಿಗೆ ಕೊಟ್ಟರು. ಅವಳು ಪಕ್ಕ ಮುಚ್ಚಿದ ಕನ್ನಡಕ ಹಾಕಿಕೊಂಡು ತನ್ನ ಹಲಗೆಯ ಮುಂದೆ ಕೂತಳು. ಒಂದು ಈರುಳ್ಳಿ. ಎರಡು. ಹತ್ತನೆಯದಕ್ಕೆ ಎಡಗಣ್ಣು ಚುರುಗುಟ್ಟಿತು. ಹದಿನಾಲ್ಕನೆಯದಕ್ಕೆ ಬಲಗಣ್ಣು.

ಕನ್ನಡಕದ ಕೆಳಗಿನಿಂದ ನೀರು ಇಳಿಯುವುದನ್ನು ಹಿರಿಯ ಅಡುಗೆಯವರು ಮೊದಲು ಕಂಡರು. ಸೌಟನ್ನು ಪಾತ್ರೆಗೆ ಬಡಿದರು. ಅಡುಗೆಮನೆ ಪೂರ್ತಿ ಅವಳ ಸುತ್ತ ನೆರೆಯಿತು, ಚಪ್ಪಾಳೆ ತಟ್ಟಿತು. ಅವಳು ಒದ್ದೆ ಕೈಯಲ್ಲೇ ಫೋನು ಮಾಡಿದಳು.

“ಅತ್ತೆ, ಅಳ್ತಾ ಇದೀನಿ.”

“ಎರಡೂ ಕಣ್ಣಲ್ಲಾ?”

“ಎರಡೂ ಕಣ್ಣಲ್ಲಿ.”

ಅತ್ತೆ ಹೇಳಿದರು: “ಚೆನ್ನಾಗಿ ಅಳು. ಆಮೇಲೆ ಹನಿ ಹಾಕ್ಕೋ. ಸೌತೆಕಾಯಿ ಇನ್ನು ತಿನ್ನೋದಕ್ಕೆ ಮಾತ್ರ.”

ಅವಳ ತುಟಿಯ ಬಲ ಅಂಚು ಇನ್ನೂ ಮಂದವಾಗಿಯೇ ಇದೆ. ಎಲ್ಲರಿಗೂ ಎಲ್ಲವೂ ಮರಳುವುದಿಲ್ಲ. ಮಾತ್ರೆ ನಡೆಯುತ್ತಿದೆ. ಲೂಪಸ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ್ ಹೇಳಿದ ಸಮಯಕ್ಕೆ ಕಣ್ಣು ತೋರಿಸಬೇಕು, ಅವಳೂ ತೋರಿಸುತ್ತಾಳೆ. ಬಿಸಿಲಿಗೆ ಛತ್ರಿ ಮರೆಯುವುದಿಲ್ಲ.

ಇದನ್ನು ಓದುತ್ತಿರುವ ನೀವು ಒಮ್ಮೆ ಮನೆಯವರ ಮುಖ ನೋಡಿ. ಕೆನ್ನೆ ಕೆಂಪಾಗಿದೆಯೇ, ಕೀಲು ನೋಯುತ್ತಿದೆಯೇ, ಕಣ್ಣು ಒಣಗಿದೆಯೇ, ಮುಖದ ಒಂದು ಭಾಗ ಜೋಮು ಹಿಡಿದಂತಿದೆಯೇ, ಕೇಳಿ. ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ, ಎಲ್ಲವನ್ನೂ ಒಟ್ಟಿಗೆ ಹೇಳಿ. ಮುಖ ಒಮ್ಮೆಲೇ ಮರಗಟ್ಟಿದರೆ, ಸೊಟ್ಟಗಾದರೆ, ಮಾತು ತೊದಲಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಅಂಗಡಿಯಿಂದ ನೀವೇ ಕಣ್ಣಿನ ಹನಿ ತಂದು ಹಾಕಿಕೊಳ್ಳಬೇಡಿ. ಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ನೋವು ತಾನಾಗಿ ನಿಂತರೆ, ಯಾಕೆ ನಿಂತಿತು ಎಂದು ಕೇಳಿ. ಈರುಳ್ಳಿ ಅಕ್ಕನ ಕಣ್ಣು ಉಳಿದದ್ದು ಸಿಸ್ಟರ್ ಹಾಗೆ ಯೋಚಿಸಿದ್ದರಿಂದ.