ನಾಕುವಿನ ಪ್ರಾರ್ಥನೆ

"ನಿಮ್ಮ ಭಾಷೆ ನನಗೆ ಬರೋದಿಲ್ಲಮ್ಮ," ಶವಪೆಟ್ಟಿಗೆಯ ಪಕ್ಕ ನಿಂತು ಪಾದ್ರಿ ಗ್ರಿಗೋರ್ ಮೆಲ್ಲಗೆ ಹೇಳಿದ. ಊರಿಗೆ ಹೊಸಬ, ಇನ್ನೂ ಎಳೆಯ. "ಆದರೆ ಬೇಡ ಅನ್ನೋದಿಲ್ಲ. ಮಿಕ್ಕದ್ದೆಲ್ಲ ಆಲ್ಬೇನಿಯನ್‌ನಲ್ಲಿ ನಾನು ಓದ್ತೀನಿ. 'ನಮ್ಮ ತಂದೆಯೇ' ಪ್ರಾರ್ಥನೆ ಮಾತ್ರ ನಿಮ್ಮವರೇ ಯಾರಾದರೂ ಅರೋಮೇನಿಯನ್‌ನಲ್ಲಿ ಹೇಳಲಿ."

ದೆಸ್ಪಾಳಿಗೆ ಅಷ್ಟೇ ಬೇಕಾಗಿತ್ತು. ಗಂಡ ನಾಕು ಸಾಯುವ ಮುಂಚೆ ಕೇಳಿಕೊಂಡದ್ದೂ ಅದೊಂದನ್ನೇ. ಸರ್ಕಾರ ದೇವರನ್ನು ನಿಷೇಧಿಸಿ ಈ ಚರ್ಚನ್ನು ಗೊಬ್ಬರದ ಗೋದಾಮು ಮಾಡಿದ್ದ ಕಾಲದಲ್ಲಿ ಅವನು ಬೆಟ್ಟದ ಮೇಲೆ ಕುರಿ ಮೇಯಿಸುತ್ತ ಆ ಪ್ರಾರ್ಥನೆಯನ್ನು ಪಿಸುದನಿಯಲ್ಲಿ ಉಳಿಸಿಕೊಂಡಿದ್ದ. ತಮ್ಮ ಪೇರಿಕ್ಲಿಗೂ ಕಲಿಸಿದ್ದ. ಬಾಗಿಲು ಮತ್ತೆ ತೆರೆದ ದಿನ ಗೊಬ್ಬರ ಗುಡಿಸಿ, ಗೋಡೆಗೆ ಸುಣ್ಣ ಬಳಿದು, ಅಂದಿನಿಂದ ಹಾಸಿಗೆ ಹಿಡಿಯುವತನಕ ಅದನ್ನು ಅಲ್ಲಿ ಅವನೇ ಹಾಡಿದ.

ಪೇರಿಕ್ಲಿ ಹೊರಗೆ ಸಿಗರೇಟು ಸೇದುತ್ತಿದ್ದ.

"ನಿಮ್ಮಣ್ಣನಿಗೆ ಆ ಪ್ರಾರ್ಥನೆ ನೀನು ಹೇಳಪ್ಪ," ಎಂದಳು ದೆಸ್ಪಾ.

ಅವನು ಅವಳ ತೋಳು ಹಿಡಿದು ಗೋಡೆಯ ಮರೆಗೆ ಎಳೆದ. "ಮೆಲ್ಲಗೆ ಅತ್ತಿಗೆ! ಬೀಗರು ಒಳಗಿದ್ದಾರೆ. ನಮ್ಮದು ಅಪ್ಪಟ ಗ್ರೀಕ್ ಮನೆತನ ಅಂತ ಹೇಳಿ ಗಡಿಯಾಚೆಯ ಸಂಬಂಧ ಕುದುರಿಸಿದ್ದೀನಿ. ಈಗ ಕುರಿ ಕಾಯೋರ ಭಾಷೆ ಆಡಿದರೆ ಮಗಳ ಗತಿ?"

"ಅಮ್ಮನ ಹತ್ರ ಹಾಲು ಬೇಡಿದ್ದು ಯಾವ ಮಾತಲ್ಲಿ? ಗ್ರೀಕಲ್ಲಾ?"

"ಅದೆಲ್ಲ ಈಗ್ಯಾಕೆ? ನನಗದು ಮರೆತೇ ಹೋಗಿದೆ."

"ಸುಳ್ಳಾಡೋಕೆ ನಿಮ್ಮಣ್ಣನ್ನ ಮಣ್ಣು ಮಾಡೋವರೆಗಾದರೂ ಕಾಯಬಾರದಾ?"

ಅವನು ಸಿಗರೇಟು ಹೊಸಕಿ ಒಳಗೆ ಹೋದ.

ಹೊತ್ತು ಬಂದಾಗ ಪಾದ್ರಿ ಓದುವುದನ್ನು ನಿಲ್ಲಿಸಿ ಜನರತ್ತ ನೋಡಿದ. ಯಾರೂ ಕದಲಲಿಲ್ಲ. ದೆಸ್ಪಾ ತಾನೇ ಮುಂದೆ ಬಂದು ಪೆಟ್ಟಿಗೆಯ ಅಂಚು ಹಿಡಿದಳು.

"ನಮ್ಮ ತಂದೆಯೇ, ಪರಲೋಕದಲ್ಲಿರುವವನೇ..." ಎಂದು ಅರೋಮೇನಿಯನ್‌ನಲ್ಲಿ ಶುರು ಮಾಡಿದಳು. ನಾಮ ಪವಿತ್ರವಾಗಲಿ ಎಂದಳು, ರಾಜ್ಯ ಬರಲಿ ಎಂದಳು. ಇಂದಿನ ರೊಟ್ಟಿ ಕೊಡು ಎಂದಳು. ಅಲ್ಲಿಗೆ ಮಾತು ನಿಂತುಹೋಯಿತು. ಇಷ್ಟು ವರ್ಷವೂ ಹಾಡುತ್ತಿದ್ದವನು ಅವನು. ಅವಳು ಕೇಳುತ್ತ ನಿಂತವಳು. ಕಿವಿಗೆ ಗೊತ್ತಿದ್ದದ್ದು ನಾಲಗೆಗೆ ಗೊತ್ತಿರಲಿಲ್ಲ.

"ರೊಟ್ಟಿ ಕೊಡು..." ಎಂದು ಮತ್ತೆ ಹೇಳಿ ಹಿಂದೆ ತಿರುಗಿದಳು. ಅಕ್ಕಪಕ್ಕದ ಮನೆಯ ಹೆಂಗಸರು ನೆಲ ನೋಡುತ್ತಿದ್ದರು. ಬೀಗರ ಪಕ್ಕದಲ್ಲಿ ಪೇರಿಕ್ಲಿಯ ತುಟಿಗಳು ಅಲುಗುತ್ತಿದ್ದವು. ಮುಂದಿನ ಮಾತುಗಳು ಅಲ್ಲಿದ್ದವು, ಒಂದೂ ತಪ್ಪದೆ, ದನಿಯಿಲ್ಲದೆ. ಅವಳು ನೋಡುತ್ತಿದ್ದಾಳೆಂದು ತಿಳಿದದ್ದೇ ತುಟಿಗಳು ಬಿಗಿಯಾದವು.

ಪಾದ್ರಿ ಸ್ವಲ್ಪ ಹೊತ್ತು ಕಾದ, ಇನ್ನಷ್ಟು ಕಾದ. ಆಮೇಲೆ ತಗ್ಗಿದ ದನಿಯಲ್ಲಿ ಉಳಿದದ್ದನ್ನು ಆಲ್ಬೇನಿಯನ್‌ನಲ್ಲಿ ಮುಗಿಸಿದ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಅಂಗಳದಲ್ಲಿ ದೆಸ್ಪಾ ಸತ್ತವರ ಹೆಸರಿನಲ್ಲಿ ಕೊಡುವ, ಸಕ್ಕರೆ, ಆಕ್ರೋಟು ಬೆರೆಸಿದ ಬೇಯಿಸಿದ ಗೋಧಿಯನ್ನು ಹಂಚತೊಡಗಿದಳು. ಬೀಗಿತ್ತಿ ಗ್ರೀಕ್‌ನಲ್ಲಿ ಪೇರಿಕ್ಲಿಯನ್ನು ಕೇಳಿದಳು, "ಪಾಪ, ಆಗ ನಿಮ್ಮತ್ತಿಗೆ ಹೇಳಿದ್ದು ಯಾವ ಭಾಷೆ?"

"ಭಾಷೆ ಎಲ್ಲಿಂದ ಬಂತು? ದುಃಖದಲ್ಲಿ ಏನೋ ಬಡಬಡಿಸಿದರು."

ಗಡಿಯ ಸಂತೆಗಳಲ್ಲಿ ಉಣ್ಣೆ ಮಾರಿದವಳು ದೆಸ್ಪಾ; ಅಷ್ಟು ಗ್ರೀಕ್ ಅವಳಿಗೂ ತಿಳಿಯುತ್ತಿತ್ತು. ಅವಳು ಬೀಗಿತ್ತಿಗೆ ಒಂದು ಬಟ್ಟಲು ಕೊಟ್ಟಳು. ಪೇರಿಕ್ಲಿಗೂ ಕೊಟ್ಟಳು, ಎಲ್ಲರಿಗೆ ಕೊಟ್ಟಷ್ಟೇ.

"ದೇವರು ಅಣ್ಣನ್ನ ಕ್ಷಮಿಸಲಿ," ಎಂದು ಅವನು ವಾಡಿಕೆಯ ಮಾತು ಹೇಳಿ, ತಲೆ ತಗ್ಗಿಸಿ ಬೇಗ ಬೇಗ ತಿಂದ. ಒಂದು ಗೋಧಿಕಾಳು ಅವನ ಮೀಸೆಗೆ ಅಂಟಿಕೊಂಡಿತು. ಬೀಗರ ಜೊತೆ ನಗುತ್ತ ಕಾರಿನವರೆಗೂ ಅವನು ಹಾಗೇ ನಡೆದುಹೋದ. ದೆಸ್ಪಾ ನೋಡಿದಳು, ಹೇಳಲಿಲ್ಲ.