ಸಾಹುಕಾರರ ನಾಯಿ ಹುಲ್ಲು ತಿಂದ ಮಧ್ಯಾಹ್ನ

ಉಂಡ ಮನೆಯ ಮಾತನ್ನು ಹೊರಗೆ ಹೇಳುವುದು ತಪ್ಪು. ಅದೂ ಆ ದಿನ ಸ್ಟಿಯರಿಂಗ್ ಹಿಡಿದು ಕೂತಿದ್ದ ನಾನೇ ಹೇಳುವುದು ಇನ್ನೂ ತಪ್ಪು. ಕ್ಷಮಿಸಬೇಕು.

ಶಹಾಬಾದದ ಹೊರಗೆ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಒಂದು ಪಾಲಿಶ್ ಕಾರ್ಖಾನೆಯಲ್ಲಿ ನಾನು ಹಾಜರಿ ಬರೆಯುತ್ತಿದ್ದೆ, ಸಾಹುಕಾರರ ಗಾಡಿಯನ್ನೂ ಓಡಿಸುತ್ತಿದ್ದೆ. ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವನೆಂದು ಎಲ್ಲರೂ ನನ್ನನ್ನು ಏನಾದರೂ ಕೇಳುತ್ತಿದ್ದರು. ನಾನು ಯಾವುದನ್ನೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ತಪ್ಪಾದರೆ ಎಂಬ ಭಯ.

ಮೇ ತಿಂಗಳು. ಕಲ್ಲು ಮುಟ್ಟಿದರೆ ಅಂಗೈ ಸುಡುತ್ತಿತ್ತು. ಕಲ್ಲು ಹೊರುವ ಹೀರಾಬಾಯಿ ಮಧ್ಯಾಹ್ನ ಒಮ್ಮೆಲೇ ಕುಸಿದಳು. ಮೈ ಕಾದಿತ್ತು, ಹನಿ ಬೆವರಿಲ್ಲ, ಏನೇನೋ ಬಡಬಡಿಸುತ್ತಿದ್ದಳು. ಅವಳ ಜೋಡಿ ಕೆಲಸ ಮಾಡುವ ಸರ್ವರಬೇಗಂ ನನ್ನ ಹತ್ತಿರ ಓಡಿಬಂದಳು.

"ಗಾಡಿ ತೆಗಿ ಅಂಬರೇಶ! ಹೀರಾಗ ಬಿಸಲು ಬಡದದ. ದವಾಖಾನಿಗಿ ಒಯ್ಯೂಣು."

ನಾನು ಕೀಲಿ ತಿರುವುವಷ್ಟರಲ್ಲಿ ಪಕ್ಕದ ಬಂಗಲೆಯಿಂದ ಸಾಹುಕಾರ ಜಗದೇವಪ್ಪನವರು ತಮ್ಮ ನಾಯಿಯನ್ನು ಎದೆಗವಚಿಕೊಂಡು ಬಂದರು. ಮುಖ ಬಿಳಿಚಿತ್ತು.

"ರೂಬಿ ಮುಂಜಾನಿಂದ ಹುಲ್ಲು ತಿನ್ಲಿಕತ್ತದ. ಎರಡು ಸಲ ಕಾರ್ಕೊಂಡದ. ಯಾರರೆ ವಿಷ ಹಾಕ್ಯಾರೇನೊ! ಕಲಬುರಗಿಗಿ ನಡಿ, ಲಗೂ."

ಆ ತಿಂಗಳು ನಮ್ಮ ಕಣ್ಣಿಗೆ ಬೀಳುತ್ತಿದ್ದ ಹಸಿರೆಂದರೆ ಅವರ ಬಂಗಲೆಯ ಮುಂದಿನ ಹುಲ್ಲು ಮಾತ್ರ. ಟ್ಯಾಂಕರ್ ನೀರು ಮೊದಲು ಅದಕ್ಕೆ. ಉಳಿದರೆ ಕೆಲಸದವರ ಕೊಡಗಳಿಗೆ.

"ಹುಲ್ಲು ತಿಂದ್ರ ಏನಾತ್ರಿ?" ಸರ್ವರಬೇಗಂ ಗಾಡಿಗೆ ಅಡ್ಡ ನಿಂತಳು. "ನಮ್ಮ ಓಣ್ಯಾಗಿನ ನಾಯಿ ದಿನಾ ತಿಂತಾವ. ಯಾವ ನಾಯಿಗಿ ಮೋಟಾರ ಬಂದದ?"

"ಆಕಿಗಿ ಆಟೋಕ್ಕ ಫೋನ್ ಮಾಡಸ್ತೀನಿ. ಅಷ್ಟರಾಗ ಮೈಮ್ಯಾಲ ನೀರು ಹಾಕ್ರಿ."

"ಎಲ್ಲೀದು ಹಾಕಬೇಕ್ರಿ ನೀರು? ಕೊಡ ಖಾಲಿ ಅವ. ಎಲ್ಲಾ ನಿಮ್ಮ ಹುಲ್ಲೇ ಕುಡದದ!"

ಸಾಹುಕಾರರು ನಾಯಿಯನ್ನು ನೋಡಿದರು, ನನ್ನನ್ನು ನೋಡಿದರು.

"ಅಂಬರೇಶ, ನೀ ಓದಿದವ. ಹುಲ್ಲು ತಿಂದ್ರ ಏನೂ ಆಗಲ್ಲಂತ ಖಾತ್ರಿ ಹೇಳ್ತಿ? ಹೇಳಿದಿ ಅಂದ್ರ ಗಾಡಿ ಆಕಿಗೇ ಒಯ್ಯಿ."

ಅವರು ನಿಜವಾಗಿಯೂ ಕೇಳಿದರು. ಇದನ್ನೇ ನಾನು ನುಂಗಲಾರೆ. ಹೂಂ ಎಂದರೆ ಸಾಕಿತ್ತು. ನಾಯಿಗಳು ಹುಲ್ಲು ಮೇಯುವುದನ್ನು ಸಣ್ಣವನಿದ್ದಾಗಿನಿಂದ ನೋಡಿದವನು ನಾನು. ಆದರೆ ಇದು ಸತ್ತರೆ ಎಂದು ಯೋಚಿಸಿದೆ.

"ಖಾತ್ರಿ ಹೇಳ್ಲಿಕ್ಕ ಬರಲ್ರಿ ಸಾಹುಕಾರ್ರ..."

"ಥೂ, ನಿನ್ನ ಓದಿಗಿಷ್ಟು ಬೆಂಕಿ ಹಚ್ಚ!" ಸರ್ವರಬೇಗಂ ಪಕ್ಕಕ್ಕೆ ಸರಿದಳು. ಹೀರಾಬಾಯಿಯನ್ನು ನೆರಳಿಗೆ ಎಳೆಯಲು ಓಡಿದಳು.

ನಾನು ಗಾಡಿ ಹೊರಡಿಸಿದೆ. ಹಿಂದಿನ ಸೀಟಿನಲ್ಲಿ ಸಾಹುಕಾರರು, ಅವರ ತೊಡೆಯ ಮೇಲೆ ರೂಬಿ, ಎ.ಸಿ. ಪೂರ್ತಿ.

ಕಲಬುರಗಿಯ ದನದ ಡಾಕ್ಟರು ನಾಯಿಯ ಹೊಟ್ಟೆ ಅಮುಕಿದರು, ಬಾಯಿ ತೆರೆದು ನೋಡಿದರು.

"ಏನೂ ಆಗಿಲ್ರಿ ಇದಕ್ಕ. ನಾಯಿ ಹುಲ್ಲು ತಿನ್ನೂದು ಹೊಸದಲ್ಲ."

"ಹಂಗಾರ ಯಾಕ ತಿಂತಾವ?" ಸಾಹುಕಾರರು ಕೇಳಿದರು.

"ಹೊಟ್ಟಿ ಕೆಟ್ರ ತಿಂತಾವ ಅಂತಾರ, ಬರೇ ರುಚಿಗಿ ಅಂತಾರ. ಪಕ್ಕಾ ಯಾರಿಗೂ ಗೊತ್ತಿಲ್ರಿ."

ಸಾಹುಕಾರರು ಹಗುರಾಗಿ ನಕ್ಕರು. "ನಮ್ಮ ಜೀವಾನೇ ತೆಗದಿತ್ತಲ್ಲೊ ಇದು!"

ಆ ನಗು ಕೇಳಿ ನನ್ನ ಮೈಯೆಲ್ಲ ಉರಿಯಿತು.

"ನಗಬ್ಯಾಡ್ರಿ. ಅಲ್ಲಿ ಹೆಣ್ಮಗಳು ಬಿದ್ದಾಳ. ನೀವೂ ನಾನೂ ಕೂಡಿ ಬಿಟ್ಟು ಬಂದೀವಿ," ಎಂದೆ. ಕೀಲಿಯನ್ನು ಮೇಜಿನ ಮೇಲೆ ಎಸೆದೆ. ಆ ನೌಕರಿಯ ಏಳು ವರ್ಷದಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು. ಬೇಕಾದಾಗ ಬರಲಿಲ್ಲ, ಯಾರಿಗೂ ಉಪಯೋಗವಿಲ್ಲದಾಗ ಬಂತು.

ಬಸ್ಸು ಹಿಡಿದು ಶಹಾಬಾದ ದವಾಖಾನೆಗೆ ಹೋದೆ. ಆಟೋ ಬರಲು ಮುಕ್ಕಾಲು ತಾಸು ಹಿಡಿದಿತ್ತಂತೆ. ಹೀರಾಬಾಯಿಗೆ ಸಲೈನ್ ಹಚ್ಚಿದ್ದರು. ಸರ್ವರಬೇಗಂ ಒದ್ದೆ ಬಟ್ಟೆಯಿಂದ ಅವಳ ಕಾಲು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬಂದ್ಯಾ? ನಾಯಿ ಆರಾಮ ಅದ?"

ನಾನು ನಳದ ನೀರು ತುಂಬಿ ತಂದು ಅವಳ ಪಕ್ಕ ಇಟ್ಟೆ.

ಹೀರಾಬಾಯಿ ಉಳಿದಳು. ಆದರೆ ಮೂರು ತಿಂಗಳಾದರೂ ನಡೆಯುವಾಗ ಓಲಾಡುತ್ತಾಳೆ. ಲೋಟ ಹಿಡಿದರೆ ಕೈ ನಡುಗಿ ಚೆಲ್ಲುತ್ತದೆ. ಕಲ್ಲು ಹೊರುವ ಮಾತಂತೂ ಮುಗಿಯಿತು. ಆ ಮುಕ್ಕಾಲು ತಾಸು ಮೊದಲೇ ಕರೆತಂದಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಶಹಾಬಾದ ದವಾಖಾನೆಯ ಡಾಕ್ಟರನ್ನು ಕೇಳಿದೆ. ಆಗುತ್ತಿತ್ತೋ ಇಲ್ಲವೋ ಈಗ ಹೇಳಲಾಗದು ಎಂದರು. ನನಗೂ ಗೊತ್ತಿಲ್ಲ.